ಒಂದು ಬಂದರಿಗೆ ಒಂದು ಓಣಿ: ಕರಾವಳಿಯ ಹಡಗು ಯಾನದಲ್ಲಿ ನಿಧಾನವಾಗಿ ನಡೆದು ನೋಡುವ ಬಗೆ

ಬೆಳಗಾವಿಯಲ್ಲಿ ಬೆಳೆದವರಿಗೆ ಸಮುದ್ರವೆಂದರೆ ಚೋರ್ಲಾ ಘಟ್ಟದ ಆಚೆ ಇರುವ ನೆಂಟರ ಮನೆಯಿದ್ದಂತೆ. ಬೆಳಿಗ್ಗೆ ಉಪ್ಪಿಟ್ಟು ತಿಂದು ಹೊರಟರೆ ಮಧ್ಯಾಹ್ನದ ಊಟಕ್ಕೆ ಪಣಜಿ ಸಿಗುತ್ತದೆ. ಆದರೆ ಅದೇ ಕರಾವಳಿಯನ್ನು ನೀರಿನ ಕಡೆಯಿಂದ ನೋಡುವುದು ಬೇರೆಯೇ ಅನುಭವ. ಮುಂಬೈಯಿಂದ ಹೊರಟು ಗೋವೆ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಹೋಗಿಬರುವ ಪ್ರವಾಸಿ ಹಡಗುಗಳು ನಡೆಯತೊಡಗಿದ ಮೇಲೆ ನಮ್ಮ ಕಡೆಯ ನಿವೃತ್ತ ನೌಕರರು, ಮಕ್ಕಳನ್ನು ದಡ ಮುಟ್ಟಿಸಿದ ದಂಪತಿಗಳು, ವಾಯುವಿಹಾರದ ಗೆಳೆಯರು ಗುಂಪು ಕಟ್ಟಿಕೊಂಡು ಈ ಯಾನಕ್ಕೆ ಹೋಗಿಬಂದಿದ್ದಾರೆ. ಹೋಗಿಬಂದವರಲ್ಲಿ ಅನೇಕರದು ಒಂದೇ ದೂರು: ಹಡಗು ಚೆನ್ನಾಗಿತ್ತು, ಬಂದರಿನ ಊರುಗಳು ಮಾತ್ರ ಟ್ಯಾಕ್ಸಿಯ ಕಿಟಕಿಯಲ್ಲಿ ಹಾಯ್ದುಹೋದವು. ಈ ದೂರಿಗೆ ಕಾರಣ ಊರಲ್ಲ, ಯೋಜನೆ. ನಾಲ್ಕೈದು ತಾಸಿನಲ್ಲಿ ಒಂದು ಊರನ್ನು ನೋಡಲು ಆಗುವುದಿಲ್ಲ; ಆದರೆ ಒಂದು ಓಣಿಯನ್ನು ಚೆನ್ನಾಗಿ ನೋಡಬಹುದು. ಒಂದು ಬಂದರಿಗೆ ಒಂದು ಓಣಿ ಎಂಬ ಲೆಕ್ಕದಲ್ಲಿ ನಡೆದು ನೋಡುವುದು ಹೇಗೆ ಎಂಬುದನ್ನು ಮುಂದೆ ವಿವರಿಸಿದ್ದೇನೆ.

ಮೊದಲು ವೇಳೆಯ ಲೆಕ್ಕ

ಹಡಗಿನವರು ಕೊಡುವ ಪಟ್ಟಿಯಲ್ಲಿ ಬೆಳಿಗ್ಗೆ 8ಕ್ಕೆ ಆಗಮನ, ಸಂಜೆ 5ಕ್ಕೆ ಎಲ್ಲರೂ ಹಡಗಿನೊಳಗೆ ಇರಬೇಕು ಎಂದಿದ್ದರೆ ಒಂಬತ್ತು ತಾಸು ಸಿಕ್ಕಿತೆಂದು ಹಿಗ್ಗಬಾರದು. ಹಡಗು ದಂಡೆಗೆ ತಾಗಿದ ಮೇಲೆ ಹಗ್ಗ ಬಿಗಿದು, ಅಧಿಕಾರಿಗಳ ಪರಿಶೀಲನೆ ಮುಗಿದು, ಹಡಗಿನ ಅಂತಸ್ತುಗಳ ಸರದಿಯಂತೆ ಪ್ರಯಾಣಿಕರನ್ನು ಇಳಿಸುವಷ್ಟರಲ್ಲಿ ಸುಮಾರು ಒಂದು ತಾಸು ಕಳೆಯುತ್ತದೆ. ಬಂದರಿನ ಒಳರಸ್ತೆಯಲ್ಲಿ ಬಸ್ಸು ಹತ್ತಿ ಹೆಬ್ಬಾಗಿಲು ಮುಟ್ಟಲು ಇನ್ನೂ ಕಾಲು ತಾಸು. ಮರಳುವಾಗ ಗಡುವಿಗಿಂತ ಒಂದು ತಾಸು ಮೊದಲೇ ಹೆಬ್ಬಾಗಿಲಿನಲ್ಲಿರಬೇಕು, ಏಕೆಂದರೆ ಆ ಹೊತ್ತಿಗೆ ಎಲ್ಲರೂ ಒಟ್ಟಿಗೆ ಬರುತ್ತಾರೆ ಮತ್ತು ಚೀಲಗಳ ತಪಾಸಣೆಗೆ ಸಾಲು ನಿಲ್ಲುತ್ತದೆ. ಹೀಗೆ ಒಂಬತ್ತು ತಾಸು ಆರೂಮುಕ್ಕಾಲಿಗೆ ಇಳಿಯಿತು. ನೋಡಬೇಕಾದ ಜಾಗ ಒಂದು ತಾಸಿನ ದೂರದಲ್ಲಿದ್ದರೆ ಹೋಗಿಬರಲು ಎರಡು ತಾಸು, ಊಟಕ್ಕೆ ಮತ್ತು ದಣಿವಾರಿಸಿಕೊಳ್ಳಲು ಒಂದು ತಾಸು. ಕೊನೆಗೆ ಕೈಯಲ್ಲಿ ಉಳಿಯುವುದು ಮೂರೂವರೆ, ಮೂರೂಮುಕ್ಕಾಲು ತಾಸು.

ಸಾಮಾನ್ಯ ನಡಿಗೆಯಲ್ಲಿ ತಾಸಿಗೆ 4 ಕಿಲೋಮೀಟರು ಸಾಗಬಹುದಾದರೂ, ನಿಂತು, ನೋಡಿ, ಫೋಟೊ ತೆಗೆದು, ಎಳನೀರು ಕುಡಿಯುತ್ತ ನಡೆಯುವವರು 2 ಕಿಲೋಮೀಟರು ದಾಟುವುದಿಲ್ಲ. ಅರವತ್ತು ಮೀರಿದವರು ಜೊತೆಗಿದ್ದರೆ ಒಟ್ಟು ನಡಿಗೆಯನ್ನು 3 ಕಿಲೋಮೀಟರಿಗೆ ಮಿತಿಗೊಳಿಸುವುದು ಒಳ್ಳೆಯದು. ನನ್ನ ಮೊದಲನೆಯ ಯಾನದಲ್ಲಿ ಈ ಲೆಕ್ಕವನ್ನು ಮಾಡದೆ ಒಂದೇ ದಿನ ಹಳೆಯ ಗೋವೆ, ಪಣಜಿ, ದೋನಾ ಪಾವ್ಲಾ ಮೂರನ್ನೂ ಹಿಡಿಯಲು ಹೊರಟು, ಗಡುವಿಗೆ ಹನ್ನೆರಡು ನಿಮಿಷವಿರುವಾಗ ಏದುಸಿರು ಬಿಡುತ್ತ ಹಡಗನ್ನು ಸೇರಿದ್ದೆ. ಆ ಮೂರು ಊರುಗಳ ಪೈಕಿ ಇಂದು ನೆನಪಿನಲ್ಲಿ ಉಳಿದಿರುವುದು ವಾಹನದಟ್ಟಣೆಯೊಂದೇ.

ಪಶ್ಚಿಮ ಕರಾವಳಿಯ ಕಡಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒರಟಾಗಿರುವುದರಿಂದ ಈ ಯಾನದ ಹಂಗಾಮು ಮಳೆಗಾಲ ಕಳೆದ ಮೇಲೆ ಆರಂಭವಾಗುತ್ತದೆ. ನಡೆಯುವವರಿಗೆ ಡಿಸೆಂಬರ್ ಮತ್ತು ಜನವರಿ ತಿಂಗಳುಗಳೇ ಹಿತ. ಏಪ್ರಿಲ್, ಮೇ ತಿಂಗಳಲ್ಲಿ ಟಿಕೆಟು ಅಗ್ಗವಾಗಿ ಸಿಕ್ಕರೂ ನಡಿಗೆಯ ಆಸೆಯಿದ್ದವರು ಅದನ್ನು ಬಿಡುವುದೇ ಮೇಲು.

ಊರಿನಲ್ಲಿಯೇ ತಾಲೀಮು

ಹೊರಡುವುದಕ್ಕೆ ಮೂರು ವಾರ ಮೊದಲಿನಿಂದ ನಡಿಗೆಯ ರೂಢಿ ಹಚ್ಚಿಕೊಳ್ಳಬೇಕು. ಬೆಳಗಾವಿಯವರಿಗೆ ಟಿಳಕವಾಡಿಯ ವ್ಯಾಕ್ಸಿನ್ ಡಿಪೋದ ಮರಗಳ ನೆರಳಿದೆ. ಆದರೆ ಅಲ್ಲಿ ನೆಲ ಮೆತ್ತಗಿರುವುದರಿಂದ ವಾರಕ್ಕೆರಡು ದಿನವಾದರೂ ಖಡೇಬಜಾರಿನಂಥ ಗದ್ದಲದ, ಗಟ್ಟಿ ನೆಲದ ರಸ್ತೆಯಲ್ಲಿ ನಡೆದು ನೋಡಬೇಕು. ವಿಜಯಪುರದವರು ಗೋಳಗುಮ್ಮಟದಿಂದ ಹೊರಟು ಜಾಮಿಯಾ ಮಸೀದಿಯನ್ನು ನೋಡಿಕೊಂಡು ಮರಳಬಹುದು. ಬಂದರಿನ ದಿನದ ನಡಿಗೆಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಬಾಗಲಕೋಟೆಯವರು ನವನಗರದ ಸಮತಟ್ಟಾದ ರಸ್ತೆಗಳನ್ನು ನಂಬಿ ಕೂಡದೆ ಒಂದು ಭಾನುವಾರ ಬಾದಾಮಿಯ ಗುಹೆಗಳ ಮೆಟ್ಟಿಲುಗಳನ್ನು ಹತ್ತಿಳಿದರೆ ಮೊಣಕಾಲಿನ ನಿಜಸ್ಥಿತಿ ತಿಳಿಯುತ್ತದೆ.

ನಮ್ಮವರು ಮೋಸಹೋಗುವುದು ದೂರದ ವಿಷಯದಲ್ಲಲ್ಲ, ಸೆಕೆಯ ವಿಷಯದಲ್ಲಿ. ವಿಜಯಪುರದ 40 ಡಿಗ್ರಿಯನ್ನು ಸಹಿಸಿದವರು ಕೊಚ್ಚಿಯ 32 ಡಿಗ್ರಿಗೆ ಏನು ಹೆದರುವುದು ಎಂದುಕೊಳ್ಳುತ್ತಾರೆ. ಬಯಲುಸೀಮೆಯ ಒಣಗಾಳಿಯಲ್ಲಿ ಬೆವರು ಬಂದಂತೆಯೇ ಆರಿ ಮೈಯನ್ನು ತಂಪುಗೊಳಿಸುತ್ತದೆ; ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿನಂಶ ತುಂಬಿರುವುದರಿಂದ ಬೆವರು ಆರುವುದಿಲ್ಲ, ಹರಿದುಹೋಗುತ್ತದೆ, ಮೈಯ ಕಾವು ಒಳಗೇ ಉಳಿಯುತ್ತದೆ. ಆದ್ದರಿಂದ ಬಾಯಾರುವ ತನಕ ಕಾಯದೆ ಅರ್ಧ ತಾಸಿಗೊಮ್ಮೆ ನಾಲ್ಕು ಗುಟುಕು ನೀರು ಕುಡಿಯಬೇಕು, ಉಪ್ಪು ಹಾಕಿದ ಮಜ್ಜಿಗೆಯೋ ಎಳನೀರೋ ಸಿಕ್ಕಲ್ಲಿ ಬಿಡಬಾರದು, ಮತ್ತು ಬೆಳಗಿನ 11 ಗಂಟೆಯೊಳಗೆ ನಡಿಗೆಯ ಮುಖ್ಯ ಭಾಗವನ್ನು ಮುಗಿಸಿರಬೇಕು. ರಕ್ತದೊತ್ತಡ, ಮೂತ್ರಪಿಂಡ ಅಥವಾ ಹೃದಯದ ತೊಂದರೆಯಿದ್ದವರು ಉಪ್ಪು ಮತ್ತು ಎಳನೀರಿನ ಬಗ್ಗೆ ತಮ್ಮ ವೈದ್ಯರ ಮಾತನ್ನೇ ಕೇಳತಕ್ಕದ್ದು.

ಕಾಲಿಗೆ ಹಳೆಯ, ಪಳಗಿದ ಬೂಟುಗಳಿರಲಿ. ಯಾನಕ್ಕೆಂದು ಹೊಸದನ್ನು ಕೊಂಡು ಅದೇ ದಿನ ಹಾಕಿಕೊಂಡರೆ ಎರಡನೆಯ ಬಂದರಿನಲ್ಲಿ ಹಿಮ್ಮಡಿಗೆ ಬೊಬ್ಬೆ ಬರುವುದು ಖಚಿತ. ಕೊಲ್ಲಾಪುರಿ ಚಪ್ಪಲಿ ನಮ್ಮ ಕಡೆಯ ಗತ್ತು ನಿಜ, ಆದರೆ ಅದರ ತೊಗಲಿನ ಅಟ್ಟೆ ಒದ್ದೆಯಾದ ಕಬ್ಬಿಣದ ಮೇಲೆ ಜಾರುತ್ತದೆ. ಅದನ್ನು ಹಡಗಿನ ಊಟದ ಮನೆಗೆ ಇಟ್ಟುಕೊಳ್ಳಬಹುದು.

ಹಡಗಿನಿಂದ ಹೆಬ್ಬಾಗಿಲಿಗೆ

ಇಳಿಯುವಾಗ ಮೂರು ವಸ್ತುಗಳು ಮೈಮೇಲೆಯೇ ಇರಬೇಕು: ಹಡಗಿನ ಕಾರ್ಡು, ಸರ್ಕಾರಿ ಗುರುತಿನ ಚೀಟಿ ಮತ್ತು ಹಡಗಿನ ಹೆಸರು, ಅದು ನಿಂತ ದಂಡೆಯ ಸಂಖ್ಯೆ, ಹಡಗಿನ ಬಂದರು ಪ್ರತಿನಿಧಿಯ ಫೋನ್ ಸಂಖ್ಯೆಗಳನ್ನು ಬರೆದ ಒಂದು ಕಾಗದ. ಮೊಬೈಲಿನಲ್ಲಿ ಇದೆಯಲ್ಲ ಎನ್ನುವವರಿಗೆ ಹೇಳುವುದಿಷ್ಟೇ: ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಮುಗಿಯುವುದು ಸಾಮಾನ್ಯ, ಕಾಗದಕ್ಕೆ ಬ್ಯಾಟರಿ ಬೇಡ. ಹಿರಿಯರಿದ್ದರೆ ಆ ಕಾಗದವನ್ನು ಅವರ ಜೇಬಿನಲ್ಲಿಯೂ ಒಂದು ಇಡಬೇಕು.

ಹಡಗಿನಿಂದ ದಂಡೆಗೆ ಇಳಿಯುವ ಏಣಿಸೇತುವೆಯ ಇಳಿಜಾರು ದಿನವಿಡೀ ಒಂದೇ ಸಮನಾಗಿರುವುದಿಲ್ಲ ಎಂಬುದು ಮೊದಲ ಬಾರಿ ಹೋಗುವವರಿಗೆ ತಿಳಿದಿರುವುದಿಲ್ಲ. ಉಬ್ಬರದಲ್ಲಿ ಹಡಗು ಮೇಲೇರುತ್ತದೆ, ಇಳಿತದಲ್ಲಿ ತಗ್ಗುತ್ತದೆ, ದಂಡೆಯ ಕಲ್ಲು ಮಾತ್ರ ಇದ್ದಲ್ಲಿಯೇ ಇರುತ್ತದೆ. ಮುಂಬೈಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಉಬ್ಬರ ಇಳಿತಗಳ ಅಂತರ 4 ಮೀಟರನ್ನು ಮೀರುವುದುಂಟು; ಕೊಚ್ಚಿಯಲ್ಲಿ ಅದು ಒಂದು ಮೀಟರಿನ ಆಸುಪಾಸು. ಬೆಳಿಗ್ಗೆ ಸಲೀಸಾಗಿ ಇಳಿದ ಅಜ್ಜಿಗೆ ಸಂಜೆ ಅದೇ ಏಣಿ ಕಡಿದಾಗಿ ಕಾಣಬಹುದು. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಕೈ ಖಾಲಿ ಎಂಬ ನಿಯಮವನ್ನು ಪಾಲಿಸಬೇಕು, ಅಂದರೆ ಸಾಮಾನು ಬೆನ್ನಿಗಿರಬೇಕು.

ನೆಲ ಮುಟ್ಟಿದ ಕೂಡಲೇ ನೆಲವೇ ತೂಗಾಡಿದಂತೆ ಅನಿಸಿದರೆ ಗಾಬರಿಯಾಗಬಾರದು. ಹಡಗಿನ ತೂಗಾಟಕ್ಕೆ ಹೊಂದಿಕೊಂಡ ಒಳಗಿವಿಯೂ ಮಿದುಳೂ ಮತ್ತೆ ನೆಲಕ್ಕೆ ಹೊಂದಿಕೊಳ್ಳಲು ಸ್ವಲ್ಪ ಸಮಯ ತೆಗೆದುಕೊಳ್ಳುತ್ತವೆ. ಹತ್ತು ನಿಮಿಷ ಕುಳಿತು, ದೂರದ ಯಾವುದಾದರೂ ಕಟ್ಟಡವನ್ನು ದಿಟ್ಟಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಬಂದರಿನ ಒಳಗೆ ನಡೆಯುವ ಆಸೆಯನ್ನು ಬಿಡಬೇಕು. ಅದಿರು, ಕಲ್ಲಿದ್ದಲು, ಕಂಟೇನರುಗಳ ಲಾರಿಗಳು ಓಡಾಡುವ ಜಾಗವದು. ದೊಡ್ಡ ಬಂದರುಗಳನ್ನು ಕೇಂದ್ರದ ಭದ್ರತಾ ಪಡೆಯಾದ ಸಿಐಎಸ್‌ಎಫ್ ಕಾಯುತ್ತದೆ, ಫೋಟೊ ತೆಗೆಯಲು ನಿರ್ಬಂಧವಿದೆ. ಮೊಬೈಲನ್ನು ಜೇಬಿಗಿಳಿಸಿ, ಬಸ್ಸು ಹತ್ತಿ ಹೆಬ್ಬಾಗಿಲಿಗೆ ಬಂದ ಮೇಲೆಯೇ ನಡಿಗೆ ಆರಂಭ.

ಮುಂಬೈ: ಒಂದು ದಿನ ಮೊದಲೇ ತಲುಪಿ

ಮುಂಬೈ ಹೆಚ್ಚಿನ ಯಾನಗಳಿಗೆ ಹತ್ತುವ ಬಂದರು. ಘಟ್ಟ, ಮಳೆ, ಹೆದ್ದಾರಿಯ ಕಾಮಗಾರಿ ಇವುಗಳನ್ನು ನಂಬಿ ಅದೇ ದಿನ ಬೆಳಿಗ್ಗೆ ತಲುಪುವ ಯೋಜನೆ ಹಾಕುವುದು ಜಾಣತನವಲ್ಲ. ಒಂದು ದಿನ ಮೊದಲು ತಲುಪಿದರೆ ಆ ದಿನವೇ ಮೊದಲನೆಯ ನಡಿಗೆಯಾಗುತ್ತದೆ. ಬಾಗಲಕೋಟೆ, ವಿಜಯಪುರದವರಿಗೆ ಸೊಲ್ಲಾಪುರದ ಮೇಲಿನ ರೈಲು ಅನುಕೂಲ. ಅದು ಮುಟ್ಟುವ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ನಿಲ್ದಾಣದಿಂದ ಬಲ್ಲಾರ್ಡ್ ಪಿಯರಿನ ಹಡಗು ನಿಲ್ದಾಣ ಒಂದೂವರೆ ಕಿಲೋಮೀಟರಿನ ಒಳಗೇ ಇದೆ.

ಇಲ್ಲಿಯ ಓಣಿ ಬಲ್ಲಾರ್ಡ್ ಎಸ್ಟೇಟ್. ಕಡಲನ್ನು ಹೂಳಿ ಪಡೆದ ನೆಲದ ಮೇಲೆ 20ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಈ ಕಚೇರಿ ಬಡಾವಣೆಯ ಕಟ್ಟಡಗಳನ್ನು ರೂಪಿಸಿದ ಜಾರ್ಜ್ ವಿಟೆಟ್ ಎಂಬ ವಾಸ್ತುಶಿಲ್ಪಿಯೇ 1924ರಲ್ಲಿ ಪೂರ್ಣಗೊಂಡ ಗೇಟ್‌ವೇ ಆಫ್ ಇಂಡಿಯಾವನ್ನೂ ರೂಪಿಸಿದವನು. ಭಾನುವಾರ ಕಚೇರಿಗಳಿಗೆ ರಜೆಯಿರುವುದರಿಂದ ಮರಗಳ ನೆರಳಿನ ಆ ಅಗಲ ರಸ್ತೆಗಳು ಖಾಲಿಯಾಗಿರುತ್ತವೆ; ಮುಂಬೈಯಲ್ಲಿ ಹಾರ್ನ್ ಕೇಳದೆ ನಡೆಯಬಹುದಾದ ಅಪರೂಪದ ಜಾಗ. ಅಲ್ಲಿಂದ ಹಾರ್ನಿಮನ್ ವೃತ್ತ, 1833ರ ಟೌನ್‌ಹಾಲ್ ಅಂದರೆ ಇಂದಿನ ಏಷ್ಯಾಟಿಕ್ ಗ್ರಂಥಾಲಯದ ಮೆಟ್ಟಿಲುಗಳು, 1718ರ ಸೇಂಟ್ ಥಾಮಸ್ ಕೆಥೆಡ್ರಲ್, ಫ್ಲೋರಾ ಕಾರಂಜಿ, ಇಷ್ಟು ಸಾಕು. ಬೆಳಗಾವಿಯವರ ಮರಾಠಿ ಇಲ್ಲಿ ಕೈಹಿಡಿಯುತ್ತದೆ; ದಾರಿ ಕೇಳಲು ಮೊಬೈಲು ಬೇಕಾಗುವುದಿಲ್ಲ.

ಇನ್ನೊಂದು ಅರ್ಧ ದಿನವಿದ್ದರೆ, ಮತ್ತು ಅದು ಸೋಮವಾರವಲ್ಲದಿದ್ದರೆ, ಗೇಟ್‌ವೇಯಿಂದ ದೋಣಿ ಹತ್ತಿ ಸುಮಾರು ಒಂದು ತಾಸಿನಲ್ಲಿ ಎಲಿಫೆಂಟಾ ದ್ವೀಪಕ್ಕೆ ಹೋಗಬಹುದು. ಬಾಗಲಕೋಟೆಯವರಿಗೆ ಇದರಲ್ಲಿ ಮನೆಯ ಮಾತಿದೆ. ಐಹೊಳೆಯ ಮೇಗುಟಿಯಲ್ಲಿರುವ ಕ್ರಿ.ಶ. 634ರ ಶಾಸನದಲ್ಲಿ ರವಿಕೀರ್ತಿಯು, ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಡನೆ ಪಡುಗಡಲಿನ ಲಕ್ಷ್ಮಿಯಂತಿದ್ದ ಪುರಿ ನಗರವನ್ನು ಮುತ್ತಿದ ಸಂಗತಿಯನ್ನು ಹೇಳುತ್ತಾನೆ. ಆ ಪುರಿಯು ಘಾರಾಪುರಿ ಎಂದರೆ ಈ ಎಲಿಫೆಂಟಾ ದ್ವೀಪವೇ ಎಂಬುದು ಕೆಲವು ವಿದ್ವಾಂಸರ ಅಭಿಪ್ರಾಯ. ಎಲ್ಲರೂ ಒಪ್ಪಿದ ಮಾತಲ್ಲ. ಗುಹೆಗೆ ನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ಬಾದಾಮಿಯ ತಾಲೀಮು ಕೆಲಸಕ್ಕೆ ಬರುವುದು ಇಲ್ಲಿಯೇ.

ಮುರಗಾಂವ: ಗೋವೆಯನ್ನು ಕಂಡವರಿಗೆ ಗೋವೆ

ಗೋವೆಯಲ್ಲಿ ಹಡಗು ನಿಲ್ಲುವುದು ಪಣಜಿಯಲ್ಲಲ್ಲ, ಸುಮಾರು 30 ಕಿಲೋಮೀಟರು ದೂರದಲ್ಲಿರುವ ಮುರಗಾಂವ ಬಂದರಿನಲ್ಲಿ, ಅಂದರೆ ವಾಸ್ಕೋ ಊರಿನ ತುದಿಯಲ್ಲಿ. ಈ ಬಂದರಿಗೂ ನಮ್ಮ ಜಿಲ್ಲೆಗೂ ಹಳೆಯ ಸಂಬಂಧ. ಲೋಂಡಾ, ಕ್ಯಾಸಲ್‌ರಾಕ್, ದೂಧಸಾಗರದ ಮೂಲಕ ಘಟ್ಟ ಇಳಿಯುವ ರೈಲುದಾರಿಯನ್ನು 1880ರ ದಶಕದಲ್ಲಿ ಹಾಸಿದ್ದೇ ಒಳನಾಡಿನ ಸರಕನ್ನು ಈ ದಂಡೆಗೆ ಮುಟ್ಟಿಸುವುದಕ್ಕಾಗಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರ ಮಾರ್ಚ್‌ನಲ್ಲಿ, ತಟಸ್ಥ ಪೋರ್ಚುಗೀಸರ ಈ ಬಂದರಿನಲ್ಲಿ ಆಶ್ರಯ ಪಡೆದಿದ್ದ ಎರೆನ್‌ಫೆಲ್ಸ್ ಎಂಬ ಜರ್ಮನ್ ಹಡಗನ್ನು ಗುರಿಯಾಗಿಸಿ ಕಲ್ಕತ್ತೆಯಿಂದ ಬಂದ ಬ್ರಿಟಿಷ್ ಸ್ವಯಂಸೇವಕರ ತಂಡವೊಂದು ರಾತ್ರಿ ದಾಳಿ ಮಾಡಿತ್ತು. ಹಡಗಿನ ಮೇಲಂತಸ್ತಿನಲ್ಲಿ ಚಹಾ ಕುಡಿಯುತ್ತ ಆ ನೀರನ್ನು ನೋಡುವಾಗ ಇದು ನೆನಪಿಗೆ ಬಂದರೆ ಬಂದರಿನ ಮಸಿ ಹಿಡಿದ ನೋಟಕ್ಕೂ ಒಂದು ಕಳೆ ಬರುತ್ತದೆ.

ಗೋವೆಯನ್ನು ಹತ್ತು ಸಲ ಕಂಡ ಬೆಳಗಾವಿಯವರಿಗೆ ನನ್ನ ಸಲಹೆಯೆಂದರೆ ಕಡಲತೀರವನ್ನು ಪೂರ್ತಿ ಬಿಡುವುದು. ತೀರಕ್ಕೆ ಕಾರಿನಲ್ಲಿ ಯಾವಾಗ ಬೇಕಾದರೂ ಬರಬಹುದು. ಎರಡು ಆಯ್ಕೆಗಳಲ್ಲಿ ಒಂದನ್ನು ಮಾತ್ರ ಹಿಡಿಯಬೇಕು: ಪಣಜಿ ಅಥವಾ ಹಳೆಯ ಗೋವೆ.

ಪಣಜಿಯನ್ನು ಆರಿಸಿದರೆ ವಾಸ್ಕೋದಿಂದ ಕದಂಬ ಸಾರಿಗೆಯ ತಡೆರಹಿತ ಬಸ್ಸು ಸುಮಾರು ಒಂದು ತಾಸಿನಲ್ಲಿ ಮುಟ್ಟಿಸುತ್ತದೆ. ಟ್ಯಾಕ್ಸಿಯಾದರೆ ಹೋಗಿಬರುವ ಬಾಡಿಗೆಯನ್ನೂ ಕಾಯುವ ತಾಸುಗಳನ್ನೂ ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು. ಅಂದಹಾಗೆ, ಬಸ್ಸಿನ ಮೇಲೆ ಬರೆದ ಕದಂಬ ಎಂಬ ಹೆಸರು ಗೋವೆಯನ್ನಾಳಿದ ಕದಂಬರದು. ಅವರ ಇನ್ನೊಂದು ನೆಲೆ ನಮ್ಮ ಖಾನಾಪುರ ತಾಲೂಕಿನ ಹಲಸಿ. ಪಣಜಿಯಲ್ಲಿ ಇಳಿದ ಮೇಲೆ ಮಾಂಡವಿ ನದಿಯ ದಂಡೆಯ ರಸ್ತೆಯನ್ನು ಹಿಡಿಯಬೇಕು. ಅಲ್ಲಿರುವ ಹಳೆಯ ಸಚಿವಾಲಯದ ಕಟ್ಟಡ ಮೂಲದಲ್ಲಿ ವಿಜಯಪುರದ ಆದಿಲಶಾಹಿ ಅರಮನೆ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವೆಯನ್ನು ಕಸಿದುಕೊಳ್ಳುವ ಮೊದಲು ಈ ನದೀಮುಖವನ್ನು ಕಾಯುತ್ತಿದ್ದವರು ವಿಜಯಪುರದವರೇ. ಗೋಳಗುಮ್ಮಟದ ಊರಿನಿಂದ ಬಂದವರು ಆ ಬಿಳಿಯ ಗೋಡೆಯ ಮುಂದೆ ಒಂದು ನಿಮಿಷ ನಿಲ್ಲದೆ ಹೋಗುವುದು ಸಲ್ಲದು. ಅಲ್ಲಿಂದ ಚರ್ಚಿನ ಬಿಳಿ ಮೆಟ್ಟಿಲುಗಳು, ಬಳಿಕ ಪೂರ್ವಕ್ಕೆ ಫೊಂಟೆನಾಸ್ ಓಣಿಗಳು. ಹಳದಿ, ನೀಲಿ, ಕೆಂಪು ಬಣ್ಣದ ಮನೆಗಳ ನಡುವೆ ಕಾಲುದಾರಿಯಿಲ್ಲದ ಇಕ್ಕಟ್ಟಿನ ರಸ್ತೆಗಳಿವೆ. ಬೈಕುಗಳು ಸದ್ದಿಲ್ಲದೆ ತಿರುವಿನಲ್ಲಿ ಬರುತ್ತವೆ. ಇವು ಜನ ವಾಸಿಸುವ ಮನೆಗಳೇ ಹೊರತು ಪ್ರದರ್ಶನವಲ್ಲ, ಆದ್ದರಿಂದ ಯಾರದೋ ಹೊಸ್ತಿಲ ಮೇಲೆ ಕುಳಿತು ಫೋಟೊ ತೆಗೆಸಿಕೊಳ್ಳುವುದು ಒಪ್ಪುವ ನಡೆಯಲ್ಲ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಅನೇಕ ಅಂಗಡಿಗಳು ಬಾಗಿಲು ಹಾಕುತ್ತವೆ. ಆ ಹೊತ್ತನ್ನು ಊಟಕ್ಕೆ ಇಟ್ಟುಕೊಂಡರೆ ಊರೂ ನೀವೂ ಒಟ್ಟಿಗೆ ವಿಶ್ರಮಿಸಿದಂತಾಗುತ್ತದೆ.

ಹಳೆಯ ಗೋವೆಯನ್ನು ಆರಿಸಿದವರಿಗೆ ನಡಿಗೆ ಇನ್ನೂ ಹಗುರ. 1605ರಲ್ಲಿ ಪ್ರತಿಷ್ಠಾಪನೆಗೊಂಡ ಬಾಮ್ ಜೀಸಸ್ ಬಸಿಲಿಕಾ, ಎದುರಿನ ಸೆ ಕೆಥೆಡ್ರಲ್, ಸೇಂಟ್ ಕೆಜೆಟನ್ ಚರ್ಚು ಇವೆಲ್ಲ ಒಂದು ಕಿಲೋಮೀಟರಿನೊಳಗಿವೆ. ಸೇಂಟ್ ಕೆಜೆಟನ್ ಚರ್ಚಿನ ಆವರಣದಲ್ಲಿ ಒಂಟಿಯಾಗಿ ನಿಂತಿರುವ ಕರಿಕಲ್ಲಿನ ಬಾಗಿಲುಚೌಕಟ್ಟನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಅದು ಆದಿಲಶಾಹನ ಅರಮನೆಯಿಂದ ಉಳಿದ ಬಾಗಿಲು. ಭಾನುವಾರ ಬೆಳಿಗ್ಗೆ ಪ್ರಾರ್ಥನೆಯ ಸಮಯವಾದುದರಿಂದ ಚರ್ಚುಗಳೊಳಗೆ ತಿರುಗಾಡಲು ಕಷ್ಟ. ಹೆಗಲು, ಮೊಣಕಾಲು ಮುಚ್ಚುವ ಉಡುಪು ಎಲ್ಲ ದಿನವೂ ಅಗತ್ಯ.

ಮಂಗಳೂರು: ಏರಿಗೆ ಗಾಡಿ, ಇಳಿಜಾರಿಗೆ ಕಾಲು

ನಿಮ್ಮ ಯಾನದ ಪಟ್ಟಿಯಲ್ಲಿ ನವಮಂಗಳೂರು ಬಂದರು ಇದ್ದರೆ ಅದೃಷ್ಟವೆಂದೇ ಭಾವಿಸಬೇಕು, ಏಕೆಂದರೆ ಭಾಷೆಯ ತೊಡಕಿಲ್ಲ. ಬಂದರು ಪಣಂಬೂರಿನಲ್ಲಿದೆ, ನಗರದ ಮಧ್ಯಭಾಗ ಸುಮಾರು 10 ಕಿಲೋಮೀಟರು ದೂರ. ಮಂಗಳೂರು ಗುಡ್ಡಗಳ ಊರಾದುದರಿಂದ ನಡಿಗೆಯನ್ನು ಮೇಲಿನಿಂದ ಆರಂಭಿಸುವುದೇ ಉಪಾಯ. ಆಟೋದಲ್ಲಿ ನೇರವಾಗಿ ಲೈಟ್‌ಹೌಸ್ ಹಿಲ್‌ಗೆ ಹೋಗಿ, ಇಟಲಿಯ ಆಂಟೋನಿಯೊ ಮೊಸ್ಕೆನಿ ಗೋಡೆ ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದ ಸೇಂಟ್ ಅಲೋಶಿಯಸ್ ಚಾಪೆಲನ್ನು ನೋಡಿ, ಅಲ್ಲಿಂದ ಇಳಿಜಾರಿನಲ್ಲಿ ಹಂಪನಕಟ್ಟೆಗೆ, ಮುಂದೆ ರಥಬೀದಿಗೆ ನಡೆಯಬಹುದು. ದಾರಿಯಲ್ಲಿ ಹಳೆಯ ಹೆಂಚಿನ ಮಾಡುಗಳನ್ನು ನೋಡಿದಾಗ ಬೆಳಗಾವಿಯ ಹಳೆಯ ಮನೆಗಳು ನೆನಪಾಗುವುದು ಸಹಜ. 1865ರಲ್ಲಿ ಬಾಸೆಲ್ ಮಿಷನ್ ಇಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಘಟ್ಟ ಹತ್ತಿ ನಮ್ಮ ಸೂರಿನ ಮೇಲೂ ಬಂದು ಕುಳಿತಿತು. ದೇವಸ್ಥಾನಗಳು ಮಧ್ಯಾಹ್ನ ಮುಚ್ಚುವುದರಿಂದ ಕದ್ರಿಗೆ ಹೋಗುವವರು ಅದನ್ನು ಮೊದಲು ಇಟ್ಟುಕೊಳ್ಳಬೇಕು, ಅಲ್ಲಿಯ ಕ್ರಿ.ಶ. 968ರ ಲೋಕೇಶ್ವರನ ಕಂಚಿನ ವಿಗ್ರಹವನ್ನು ನೋಡಿದವರು ಬಹುಕಾಲ ಮರೆಯುವುದಿಲ್ಲ. ಕೊನೆಗೆ ಒಂದು ಗಡಬಡ್ ಐಸ್‌ಕ್ರೀಮು. ಹೆಸರು ಗಡಬಡ್ ಆದರೂ ನಿಧಾನವಾಗಿ ತಿನ್ನಬೇಕಾದ ಪದಾರ್ಥವದು.

ಕೊಚ್ಚಿ: ನಡೆಯುವವರ ಊರು

ನಾನು ಕಂಡ ಬಂದರುಗಳಲ್ಲಿ ನಡಿಗೆಗೆ ಹೇಳಿ ಮಾಡಿಸಿದ್ದು ಕೊಚ್ಚಿ. ಹಡಗು ನಿಲ್ಲುವ ವಿಲಿಂಗ್ಡನ್ ದ್ವೀಪವೇ ಮನುಷ್ಯನಿರ್ಮಿತ. ಹಡಗುಗಳು ಒಳಬರಲೆಂದು ಹಿನ್ನೀರಿನ ತಳವನ್ನು ತೋಡಿ ತೆಗೆದ ಹೂಳಿನಿಂದ, ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರನ ಮೇಲ್ವಿಚಾರಣೆಯಲ್ಲಿ ಅದನ್ನು ಎಬ್ಬಿಸಲಾಯಿತು. ಇಲ್ಲಿಂದ ಫೋರ್ಟ್ ಕೊಚ್ಚಿಗೆ ಸೇತುವೆ ದಾಟಿ ಆಟೋದಲ್ಲಿ ಹೋಗಬಹುದು. ಆದರೆ ಹಡಗಿನಲ್ಲಿ ಬಂದವರಿಗೂ ದೋಣಿಯ ಪ್ರಯಾಣ ಬೇಸರ ತರುವುದಿಲ್ಲ. ಹೋಗುವಾಗ ದೋಣಿ, ಬರುವಾಗ ಆಟೋ ಎಂಬುದು ನನ್ನ ಕ್ರಮ, ಏಕೆಂದರೆ ಸಂಜೆ ದೋಣಿಗೆ ಸಾಲು ಬೆಳೆಯುತ್ತದೆ, ಗಡುವು ಇರುವವರು ಸಾಲನ್ನು ನಂಬಬಾರದು.

ಫೋರ್ಟ್ ಕೊಚ್ಚಿಯ ಕಡಲದಂಡೆಯಲ್ಲಿ ಮೊದಲು ಎದುರಾಗುವುದು ಚೀನೀ ಬಲೆಗಳು. ನಮ್ಮ ಕಡೆಯ ಏತವನ್ನು ಬಲ್ಲವರಿಗೆ ಇವುಗಳ ತಂತ್ರ ಕೂಡಲೇ ಅರ್ಥವಾಗುತ್ತದೆ: ಒಂದು ತುದಿಯಲ್ಲಿ ಬಲೆ, ಇನ್ನೊಂದು ತುದಿಯಲ್ಲಿ ಹಗ್ಗಕ್ಕೆ ಕಟ್ಟಿದ ಕಲ್ಲುಗುಂಡುಗಳ ಎದುರುಭಾರ, ನಡುವೆ ನಾಲ್ಕೈದು ಜನರ ತೋಳಬಲ. ಅಲ್ಲಿಂದ ಹಳೆಯ ಮಳೆಮರಗಳ ನೆರಳಿನಲ್ಲಿ ಸೇಂಟ್ ಫ್ರಾನ್ಸಿಸ್ ಚರ್ಚಿಗೆ ಹತ್ತು ನಿಮಿಷದ ದಾರಿ. 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದು ಇಲ್ಲಿಯೇ. ಅವಶೇಷಗಳನ್ನು ಅನಂತರ ಲಿಸ್ಬನ್ನಿಗೆ ಒಯ್ದರೂ ಸಮಾಧಿಯ ಕಲ್ಲು ಉಳಿದಿದೆ. ಅವನ ಹೆಸರಿನ ಊರಿನಲ್ಲಿ ಇಳಿದು, ಮುಂದಿನ ಬಂದರಿನಲ್ಲಿ ಅವನ ಸಮಾಧಿಯ ಮುಂದೆ ನಿಲ್ಲುವುದು ಹಡಗಿನಲ್ಲಿ ಬಂದವರಿಗೇ ಒದಗುವ ಜೋಡಣೆ. ಪರೇಡ್ ಮೈದಾನವನ್ನು ಬಳಸಿಕೊಂಡು ಪ್ರಿನ್ಸೆಸ್ ಬೀದಿಗೆ ಬಂದರೆ ಕುಳಿತು ಚಹಾ ಕುಡಿಯಲು ಜಾಗಗಳಿವೆ. ಒಟ್ಟು ಎರಡು ಕಿಲೋಮೀಟರು.

ಮಟ್ಟಾಂಚೇರಿ ಇಲ್ಲಿಂದ ಸುಮಾರು ಎರಡು ಕಿಲೋಮೀಟರು ದೂರ; ಅದು ಇನ್ನೊಂದು ಓಣಿ, ಇನ್ನೊಂದು ದಿನದ ಕೆಲಸ ಎಂದು ತಿಳಿಯುವುದು ಲೇಸು. ಅದನ್ನೇ ಆರಿಸುವುದಾದರೆ ವಾರವನ್ನು ನೋಡಿಕೊಳ್ಳಬೇಕು: ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ, ಯಹೂದಿಗಳ ಪ್ರಾರ್ಥನಾಮಂದಿರವಾದ 1568ರ ಪರದೇಶಿ ಸಿನಗಾಗ್‌ಗೆ ಶನಿವಾರ ಪ್ರವೇಶವಿಲ್ಲ. ಜ್ಯೂ ಟೌನಿನ ಓಣಿಯಲ್ಲಿ ಶುಂಠಿ, ಮೆಣಸಿನ ವಾಸನೆ ಇನ್ನೂ ಇದೆ. ಬೆಳಗಾವಿಯ ಕೊಂಕಣಿ ಮಾತಿನವರು ಇಲ್ಲಿಯ ತಿರುಮಲ ದೇವಸ್ವಂ ದೇವಸ್ಥಾನದ ಸುತ್ತ ಕಿವಿಗೊಟ್ಟರೆ ಗೋವೆಯಿಂದ ಶತಮಾನಗಳ ಹಿಂದೆ ಬಂದು ನೆಲೆಸಿದವರ ಕೊಂಕಣಿ ಕೇಳುತ್ತದೆ. ಅಂಗಡಿಯವರು ಒಳಗೆ ಬನ್ನಿ ಎಂದು ಕರೆಯುವುದು ಹೆಚ್ಚು. ಆಟೋದವರು ತೋರಿಸುವ ಅಂಗಡಿಗೆ ಹೋಗದೆ ನೀವಾಗಿ ಕಂಡ ಅಂಗಡಿಗೆ ಹೋಗುವುದು ಕಿಸೆಗೆ ಕ್ಷೇಮ.

ಲಕ್ಷದ್ವೀಪದ ಬಗ್ಗೆ ಎರಡೇ ಮಾತು. ಅಲ್ಲಿ ದೊಡ್ಡ ಹಡಗು ದಂಡೆಗೆ ತಾಗದೆ ದೂರದಲ್ಲಿ ಲಂಗರು ಹಾಕುತ್ತದೆ, ಸಣ್ಣ ದೋಣಿಗೆ ದಾಟಬೇಕು. ಮೊಣಕಾಲು ಗಟ್ಟಿಯಿಲ್ಲದವರು ಹಡಗಿನಲ್ಲಿಯೇ ಉಳಿದರೂ ನಷ್ಟವಿಲ್ಲ. ಪ್ರವೇಶಕ್ಕೆ ಪರವಾನಗಿ ಬೇಕಾಗುವುದರಿಂದ ಯಾನದ ಏಜೆಂಟರು ಅದನ್ನು ಮಾಡಿಸಿದ್ದಾರೆಯೇ ಎಂದು ಹೊರಡುವ ಮೊದಲೇ ಕೇಳಬೇಕು.

ಬುತ್ತಿ, ಗುಂಪು, ಮರಳುವಿಕೆ

ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳದೆ ನಮ್ಮವರು ಮನೆ ಬಿಡುವುದಿಲ್ಲ. ಹಡಗುಗಳು ಸಾಮಾನ್ಯವಾಗಿ ಮನೆಯ ಅಡುಗೆಯನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ಅದನ್ನು ಮುಂಬೈಯವರೆಗಿನ ರೈಲಿನಲ್ಲಿಯೇ ಮುಗಿಸಬೇಕು. ನಡಿಗೆಯ ದಿನಕ್ಕೆ ಅಮೀನಗಡದ ಕರದಂಟಿನ ಮುಚ್ಚಿದ ಪೊಟ್ಟಣ ಒಳ್ಳೆಯ ಆಸರೆ, ಆದರೂ ಹಡಗಿನವರ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳಿ. ಹಡಗಿನ ಬೆಳಗಿನ ತಿಂಡಿ ಧಾರಾಳವಾಗಿರುತ್ತದೆ. ಇಳಿಯುವ ದಿನ ಹೊಟ್ಟೆ ಬಿರಿಯುವಂತೆ ತಿಂದವರು ಮೊದಲನೆಯ ಅರ್ಧ ತಾಸಿನಲ್ಲಿಯೇ ನೆರಳು ಹುಡುಕುತ್ತಾರೆ.

ಆರು ಜನಕ್ಕಿಂತ ಹೆಚ್ಚಿನ ಗುಂಪು ಒಟ್ಟಿಗೆ ನಡೆಯಲಾರದು. ಹನ್ನೆರಡು ಜನರಿದ್ದರೆ ಎರಡು ತಂಡ ಮಾಡಿ, ಪ್ರತಿ ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಬೇಕು. ಅವರು ಹಿಂದಿದ್ದರೆ ಉಳಿದವರು ನಿಂತು ಕಾಯುತ್ತಾರೆ, ಅವರು ತಲುಪಿದ ಕೂಡಲೇ ಹೊರಡುತ್ತಾರೆ. ವಿಶ್ರಾಂತಿ ಬೇಕಾದವರಿಗೆ ಮಾತ್ರ ವಿಶ್ರಾಂತಿ ಸಿಗುವುದಿಲ್ಲ. ಬಿಟ್ಟುಹೋದರೆ ಸೇರಬೇಕಾದ ಜಾಗವನ್ನು ನಡಿಗೆಯ ಆರಂಭದಲ್ಲಿಯೇ ಗೊತ್ತುಮಾಡಿರಬೇಕು. ಅದು ಅಂಗಡಿಯಾಗಿರಬಾರದು, ಮಧ್ಯಾಹ್ನ ಮುಚ್ಚಬಹುದು. ಚರ್ಚಿನ ಮೆಟ್ಟಿಲು ಅಥವಾ ದೋಣಿಕಟ್ಟೆಯಂಥ ಬದಲಾಗದ ಗುರುತು ಒಳ್ಳೆಯದು. ಹಡಗಿನವರ ಪ್ರವಾಸದ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ; ತಮ್ಮಷ್ಟಕ್ಕೆ ಹೋದವರಿಗೆ ಆ ಭರವಸೆಯಿಲ್ಲ. ಸ್ವತಂತ್ರವಾಗಿ ನಡೆಯುವುದಕ್ಕೆ ಕೊಡುವ ಬೆಲೆ ಇದೊಂದೇ, ಆದ್ದರಿಂದಲೇ ಒಂದು ತಾಸಿನ ಮುಂಗಡವನ್ನು ಯಾವ ಆಮಿಷಕ್ಕೂ ಕಡಿತಗೊಳಿಸಬಾರದು.

ಯಾನ ಮುಗಿದು ಮುಂಬೈಯಲ್ಲಿ ಇಳಿಯುವುದು ಹೆಚ್ಚಾಗಿ ಬೆಳಿಗ್ಗೆ, ಊರಿನ ರೈಲು ಅಥವಾ ಬಸ್ಸು ಹೆಚ್ಚಾಗಿ ರಾತ್ರಿ. ಸಾಮಾನುಗಳನ್ನು ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಟ್ಟರೆ ಇಡೀ ಹಗಲು ಕೈ ಖಾಲಿಯಾಗಿರುತ್ತದೆ. ಅಲ್ಲಿ ಪ್ರಯಾಣದ ಟಿಕೆಟು ತೋರಿಸಬೇಕು, ಬೀಗವಿಲ್ಲದ ಚೀಲವನ್ನು ಇಟ್ಟುಕೊಳ್ಳುವುದಿಲ್ಲ. ಹೊರಡುವ ಮೊದಲೇ ಎರಡು ಸಣ್ಣ ಬೀಗಗಳನ್ನು ಚೀಲದಲ್ಲಿ ಹಾಕಿಕೊಂಡಿರಿ.